ಚಾಮರಾಜನಗರದಲ್ಲಿ ಇಂಗ್ಲಿಷಿನಲ್ಲಿ ಹೇಳಿದ ಕತೆ

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹಿಂದೆ, ಬೇಕರಿಯೊಂದರ ಮಹಡಿಯ ಮೇಲೆ ನಾನು ಇಂಗ್ಲಿಷ್ ಕಲಿತೆ. ಕಲಿತೆ ಅನ್ನುವುದಕ್ಕಿಂತ ಬೈಸಿಕೊಂಡೆ ಅನ್ನುವುದೇ ಸರಿ. ಕೆಳಗಿನಿಂದ ಬನ್ನಿನ ವಾಸನೆ ಬರುತ್ತಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು, ಎದುರಿಗೆ ಕೂತ ಟೀಚರ್ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ನಿನ್ನೆ ಏನಾಯಿತು, ಹೇಳು.

ಟೀಚರ್ ಘಾಟಿಯ ಆಚೆ ಕಡೆಯವರು, ಮಲಯಾಳಿ. ಮದುವೆಯಾಗಿ ಗುಂಡ್ಲುಪೇಟೆಗೆ ಬಂದು ನಮ್ಮಂಥವರಿಗೆ ಮಾತಾಡುವ ಇಂಗ್ಲಿಷ್ ಕಲಿಸುತ್ತಿದ್ದರು. ಅವರ ಕನ್ನಡದ ರಾಗ ಕೊನೆಯವರೆಗೂ ಮಲಯಾಳದ್ದೇ. ನಾನು ಹಂಗಳದವಳು, ಬಿ.ಕಾಂ ಮುಗಿಸಿದ್ದೆ, ಬಂಡೀಪುರದ ಕಡೆಯ ರೆಸಾರ್ಟೊಂದರಲ್ಲಿ ರಿಸೆಪ್ಷನ್ ಕೆಲಸಕ್ಕೆ ಹೋಗಿ ಒಮ್ಮೆ ಮುಖಭಂಗ ಮಾಡಿಕೊಂಡು ಬಂದಿದ್ದೆ. ನಿಮ್ಮ ಜೀವನದಲ್ಲಿ ನಡೆದ ಒಂದು ಘಟನೆ ಹೇಳಿ ಅಂದಿದ್ದರು. ಹೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಆ ನಗು ನೆನೆದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕ್ಲಾಸಿನಲ್ಲೂ ಅದೇ ಪಾಡು. ನಮ್ಮೂರ ರಸ್ತೆಗೆ ಆನೆ ಅಡ್ಡ ಬಂದ ಕತೆ ಹೇಳಲು ಎದ್ದು ನಿಂತೆ. 'ಐ ಆಮ್ ಗೋಯಿಂಗ್ ಇನ್ ಬಸ್. ಡ್ರೈವರ್ ಈಸ್ ಸ್ಟಾಪಿಂಗ್. ಎಲಿಫೆಂಟ್ ಈಸ್ ಸ್ಟ್ಯಾಂಡಿಂಗ್' ಅಂದೆ. ಟೀಚರ್ ಕುರ್ಚಿಯಿಂದೆದ್ದು ಕಿಟಕಿಗೆ ಹೋಗಿ ಕೆಳಗೆ ಬಗ್ಗಿ ನೋಡಿದರು. "ಎಲ್ಲಿ? ಕಾಣ್ತಾ ಇಲ್ಲಲ್ಲ?" ಅಂದರು. ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು.

ನನಗೆ ಮೂಗಿನ ತುದಿಯಲ್ಲೇ ಕೋಪ. ನಮ್ಮ ಕಡೆ ಕತೆ ಹೇಳುವುದೇ ಹಾಗೆ ಎಂದು ವಾದಕ್ಕೆ ನಿಂತೆ. 'ಓಯ್ತಾ ಇವ್ನಿ, ನೋಡ್ತೀನಿ, ನಿಂತದೆ ಕಣಮ್ಮಿ ಆನೆ' ಅಂದರೆ ಕೇಳುವವರ ಕಣ್ಣ ಮುಂದೆ ಆನೆ ಬಂದು ನಿಲ್ಲುತ್ತದೆ, ಆನೆ ನಿಂತಿತ್ತು ಅಂದರೆ ಅದು ಆಗಲೇ ಹೊರಟುಹೋದ ಆನೆ, ಅದರಲ್ಲಿ ಕೇಳುವುದೇನಿದೆ? ಟೀಚರ್ ಸಮಾಧಾನವಾಗಿ ಕೇಳಿಸಿಕೊಂಡರು. "ಕತೆ ಹೇಳೋ ನೀನು ಈಗ ಎಲ್ಲಿದೀಯ? ಇಲ್ಲಿ, ಬೇಕರಿ ಮೇಲೆ. ಇಲ್ಲಿಂದ ತಿರುಗಿ ನೋಡು. ಆಗ ಏನು ನಡೀತಾ ಇತ್ತು, ನಡುವೆ ಏನು ಬಂತು, ಅದು ಬರೋಕೂ ಮೊದಲೇ ಏನು ಆಗಿ ಹೋಗಿತ್ತು. ಮೂರನ್ನೂ ಕಲಸಿ ಉಂಡೆ ಕಟ್ಟಬೇಡ" ಅಂದರು.

ಆಮೇಲೆ ಬಸ್ಸಿನಲ್ಲಿ ಹೋಗಿ ಬರುವಾಗೆಲ್ಲ ಬಾಯೊಳಗೇ ಅಭ್ಯಾಸ ಮಾಡತೊಡಗಿದೆ. ಅವ್ವ ಮುದ್ದೆ ತಿರುವುತ್ತಿದ್ದಳು, ಕರೆಂಟ್ ಹೋಯಿತು, ಅಷ್ಟರಲ್ಲಿ ಅಪ್ಪ ಊಟ ಮುಗಿಸಿದ್ದ. ಇಂಥವೇ. ಯಾರ ತಲೆಯೂ ಹೋಗದ ಕತೆಗಳು. ತಪ್ಪಿದರೆ ಮತ್ತೆ ಮೊದಲಿನಿಂದ.

ಆ ವರ್ಷ ನಮ್ಮ ಹೊಲದ ಅರ್ಧಕ್ಕೆ ಚೆಂಡು ಹೂವು, ಇನ್ನರ್ಧಕ್ಕೆ ಬಾಳೆ. ಹೊಲ ಕಾಡಿನ ಅಂಚಿಗೇ ಇದೆ. ಸುತ್ತ ಸೋಲಾರ್ ಬೇಲಿ ಹಾಕಿಸಿದ್ದೆವು. ಅದನ್ನು ಮುಟ್ಟಿದರೆ ಆನೆಗೆ ಜುಮ್ಮೆನ್ನುತ್ತದೆ, ಅಷ್ಟೆ. ಜಾಣ ಆನೆಗಳು ಒಣಮರ ಕೆಡವಿ ಬೇಲಿ ಮಲಗಿಸಿ ಒಳಗೆ ಬರುತ್ತವೆ. ಹಾಗೆ ಬಂದು ಗೊನೆ ಬಿಟ್ಟ ಬಾಳೆಯನ್ನು ತುಳಿದುಹಾಕಿದ್ದವು. ಮಾರನೇ ದಿನ ಅಪ್ಪ ಟೀ ಅಂಗಡಿಯಲ್ಲಿ ಕೂತು, ಹತ್ತಾರು ಜನ ಕೇಳುವಂತೆ, "ಈ ಸೋಲಾರು ಗೀಲಾರು ಆಗಕಿಲ್ಲ ಕಣ್ಲಾ. ಪಂಪಿನ ಲೈನ್‌ನಿಂದ ನೇರ ಕರೆಂಟ್ ಕೊಟ್ಬುಡ್ತೀನಿ, ಬರ್ಲಿ ಯಾವ್ದು ಬತ್ತದೆ" ಅಂದಿದ್ದ. ಕೋಪದಲ್ಲಿ ಎಲ್ಲರೂ ಅನ್ನುವ ಮಾತೇ. ಆದರೆ ಹಾಗೆ ಲೈನ್ ಕೊಟ್ಟು ಆನೆ ಸತ್ತರೆ ಜೈಲು. ಅದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು.

ಅದಾಗಿ ವಾರ ಕಳೆದಿರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಅಪ್ಪ ಹೊಲದಿಂದ ಬಂದ. ಮೊಣಕಾಲವರೆಗೆ ಕೆಸರು. ನಾನು ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದೆ, ನನ್ನ ಕಡೆ ನೋಡಲಿಲ್ಲ. ಸೀದಾ ಒಳಗೆ ಹೋಗಿ ಅವ್ವನಿಗೆ ಅಂದ: "ನಮ್ ಹೊಲ್ದಲ್ಲಿ ಸಾಮಿ ಮಲಗ್ಬುಟ್ಟದೆ ಕಣಮ್ಮಿ. ಹೆಣ್ಣಾನೆ. ಉಸ್ರಿಲ್ಲ."

ನಮ್ಮಲ್ಲಿ ಆನೆಯನ್ನು ಸಾಮಿ ಅನ್ನುತ್ತಾರೆ. ಬಾಳೆ ತುಳಿದಾಗ ಬಾಯಿಗೆ ಬಂದದ್ದು ಬೈಯುತ್ತೇವೆ, ಸತ್ತಾಗ ಕೈ ಮುಗಿಯುತ್ತೇವೆ. ಬೇರೆಯವರಾದರೆ ಮೊದಲು ಫಾರೆಸ್ಟಿನವರಿಗೆ ಫೋನ್ ಮಾಡುತ್ತಿದ್ದರು. ನನ್ನ ಅವ್ವ ಮೊದಲು ಬಿಂದಿಗೆ ತೆಗೆದುಕೊಂಡಳು. ಹೆಣ್ಣಾನೆ ಅಂದ ಮೇಲೆ ಹೆಣ್ಣುಮಗಳು, ನಮ್ಮ ಹೊಲಕ್ಕೆ ಬಂದು ಸತ್ತಿದ್ದಾಳೆ, ತವರಿಗೆ ಬಂದು ಸತ್ತ ಹಾಗೆ, ಬರಿ ಹಣೆಯಲ್ಲಿ ಕಳಿಸುವುದು ಹೇಗೆ? ಇದು ಅವಳ ಲೆಕ್ಕ. ಬೀದಿಯ ಹೆಂಗಸರೆಲ್ಲ ಹೊರಟರು. ಮನೆಯ ಅರಿಶಿನವನ್ನೇ ಕಲಸಿ ಆನೆಯ ಮುಖ, ಸೊಂಡಿಲು, ಕಾಲು ತೊಳೆದು ಹಚ್ಚಿದರು. ವಿಭೂತಿ ಎಳೆದು ಕುಂಕುಮ ಇಟ್ಟರು. ಹೊಲದ ಚೆಂಡು ಹೂವು ಕಿತ್ತು ರಾಶಿ ಹಾಕಿದರು. ಅವ್ವ ಹೊಸ ರವಿಕೆ ಕಣ, ತೆಂಗಿನಕಾಯಿ, ಎಲೆ ಅಡಿಕೆ, ಹಸಿರು ಬಳೆ ತಂದು, ಗಂಡನ ಮನೆಗೆ ಹೊರಟ ಮಗಳಿಗೆ ಮಡಿಲು ತುಂಬುವ ಹಾಗೆ ಅದರ ಮುಂಗಾಲಿನ ಸಂದಿಯಲ್ಲಿಟ್ಟಳು.

ಪಕ್ಕದ ಮನೆಯ ಅಜ್ಜಿ ಅಲ್ಲೂ ಕೊಂಕು ತೆಗೆಯದೆ ಬಿಡಲಿಲ್ಲ. "ಅಲ್ಲ ಕಣಮ್ಮಿ, ಇವ್ಳು ಮುತ್ತೈದೆ ಅಂತ ನಿಂಗ್ಯಾರು ಯೋಳುದ್ರು?" ಅಂದಳು.

"ಕಾಡ್ಲಿ ಗಂಡಾನೆಗೇನು ಬರವಾ? ಸುಮ್ಕೆ ಆರತಿ ಇಡ್ಕೊ" ಅಂದಳು ಅವ್ವ.

ನಾನೂ ನಕ್ಕೆ. ನಗುತ್ತಲೇ ದನದ ಕೊಟ್ಟಿಗೆಗೆ ಹೋದೆ, ಊದುಬತ್ತಿಗೆ ಬೆಂಕಿಪೊಟ್ಟಣ ತರಲು. ಕೊಟ್ಟಿಗೆಯ ಗೋಡೆಗೆ ಒಂದು ಗೂಟವಿದೆ. ಪಂಪ್‌ಸೆಟ್ಟಿನ ಹಳೆಯ ವೈರಿನ ಸುರುಳಿ ಯಾವಾಗಲೂ ಅದರಲ್ಲಿ ನೇತಾಡುತ್ತಿತ್ತು. ಅವತ್ತು ಗೂಟ ಖಾಲಿಯಿತ್ತು. ಪಂಪಿನ ಲೈನಿನ ಮಾತು ನೆನಪಾಯಿತು. ಹೊಲಕ್ಕೆ ವಾಪಸು ಬಂದು ಅಪ್ಪನ ಮುಖ ನೋಡಿದೆ. ಅವನು ಬದುವಿನ ಮೇಲೆ ಕೂತು ನೆಲ ನೋಡುತ್ತಿದ್ದ. ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ ಎಂದು ಹೆದರಿದೆ.

ಫಾರೆಸ್ಟಿನವರು ಬಂದಾಗ ಬಿಸಿಲು ಏರಿತ್ತು. ಅವರ ಮುಖ ನೋಡಿದ ಕೂಡಲೇ ನಾವು ಮಾಡಿಕೊಂಡ ಎಡವಟ್ಟು ಗೊತ್ತಾಯಿತು. ಕರೆಂಟ್ ತಗುಲಿ ಸತ್ತಿದ್ದರೆ ಸೊಂಡಿಲಲ್ಲೋ ಕಾಲಲ್ಲೋ ಸುಟ್ಟ ಗುರುತು ಇರುತ್ತದೆ. ಆ ಸೊಂಡಿಲನ್ನೂ ಕಾಲನ್ನೂ ನಾವು ತೊಳೆದು, ತಿಕ್ಕಿ, ಅರಿಶಿನ ಬಳಿದು ಕೂತಿದ್ದೆವು. ಸುತ್ತಲಿನ ನೆಲದಲ್ಲಿ ಹೆಂಗಸರ ಹೆಜ್ಜೆ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಟೀ ಅಂಗಡಿಯ ಮಾತು ಅಷ್ಟು ಹೊತ್ತಿಗೆ ಅವರ ಕಿವಿಗೂ ಬಿದ್ದಿತ್ತು. ಸಾಕ್ಷಿ ಅಳಿಸೋಕೆ ಪೂಜೆ ನಾಟಕ ಎಂದು ಒಬ್ಬ ಅಂದೇಬಿಟ್ಟ. ಅವ್ವ ಅಳತೊಡಗಿದಳು. ಆನೆಯನ್ನು ಕೊಯ್ದು ನೋಡಲು ಡಾಕ್ಟರನ್ನು ಕರೆಸಿದರು. ಅಪ್ಪ ಮಾರನೇ ದಿನ ಚಾಮರಾಜನಗರದ ಫಾರೆಸ್ಟ್ ಕಚೇರಿಗೆ ಬರಬೇಕು ಎಂದರು.

ನಾನೂ ಹೊರಟೆ. ಹಂಗಳದಿಂದ ಗುಂಡ್ಲುಪೇಟೆ, ಅಲ್ಲಿಂದ ತೆರಕಣಾಂಬಿ ಮೇಲೆ ಚಾಮರಾಜನಗರ. ಬಸ್ಸಿನಲ್ಲಿ ಅಪ್ಪ ಕಿಟಕಿ ಪಕ್ಕ ಕೂತ, ನಾನು ಅವನ ಪಕ್ಕ. ಒಗೆದ ಬಿಳಿ ಅಂಗಿ ಹಾಕಿದ್ದ, ಹಣೆಗೆ ವಿಭೂತಿ ದಪ್ಪಗೆ ಬಳಿದುಕೊಂಡಿದ್ದ. ವೈರ್ ಎಲ್ಲಿ ಹೋಯಿತು ಅಪ್ಪ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅಲ್ಲಿಂದ ಕೆಳಗೆ ಬೀಳಲಿಲ್ಲ.

ಕಚೇರಿಯಲ್ಲಿ ಬಹಳ ಹೊತ್ತು ಕಾಯಿಸಿ ಒಳಗೆ ಕರೆದರು. ಮೇಜಿನ ಹಿಂದೆ ಇದ್ದ ಆಫೀಸರ್ ಮೇಡಂ ಉತ್ತರ ಭಾರತದ ಕಡೆಯವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಹೊಸದಾಗಿ ಬಂದಿದ್ದರು. ಅವರ ಕನ್ನಡ 'ಬನ್ನಿ, ಕೂತ್ಕೊಳ್ಳಿ'ಯವರೆಗೆ ಬಂದು ನಿಂತಿತ್ತು. ಪಕ್ಕದಲ್ಲಿ ನಿಂತಿದ್ದ ಗಾರ್ಡ್ ಇಲ್ಲೇ ಹತ್ತಿರದ ಕುದೇರಿನವನು, ಅಪ್ಪ ಹೇಳಿದ್ದನ್ನು ಇಂಗ್ಲಿಷ್ ಮಾಡುವುದು ಅವನ ಕೆಲಸ.

ಅಪ್ಪ ನಿಂತುಕೊಂಡೇ ಹೇಳಿದ. ಅವನಿಗೆ ಕತೆ ಹೇಳುವುದು ಗೊತ್ತಿದ್ದದ್ದು ಒಂದೇ ರೀತಿ: "ಓಯ್ತೀನಿ ಅಮ್ಮೋರೆ, ಕತ್ಲೆ ಇನ್ನೂ ಅದೆ, ನೋಡ್ತೀನಿ, ಸಾಮಿ ಮಲಗದೆ. ನಂಗೆ ಎದೆ ಒಡ್ದೋಯ್ತದೆ. ಬಾಳೆ ತಿಂದದೆ, ಬೇಲಿ ಮುರ್ದದೆ, ನಾನು ಬೈದಿವ್ನಿ, ಬೈದೋನ ಹೊಲ್ಕೇ ಬಂದು ಮಲಗದೆ." ಬಾಳೆ ತಿಂದದ್ದು ಹಿಂದಿನ ವಾರ, ಬೈದದ್ದು ಟೀ ಅಂಗಡಿಯಲ್ಲಿ, ಮಲಗಿದ್ದನ್ನು ನೋಡಿದ್ದು ಹಿಂದಿನ ದಿನ. ಅವನ ಬಾಯಲ್ಲಿ ಎಲ್ಲವೂ ಒಂದೇ ಗಳಿಗೆಯಲ್ಲಿ ನಡೆಯುತ್ತಿತ್ತು. ನಮ್ಮೂರಿನವರಾಗಿದ್ದರೆ ಯಾವುದು ಯಾವಾಗ ಎಂದು ತಾವೇ ಬಿಡಿಸಿಕೊಳ್ಳುತ್ತಿದ್ದರು. ಗಾರ್ಡ್ ಕಷ್ಟಪಡಲಿಲ್ಲ. ಆನೆ ಬಾಳೆ ತಿಂದಿತು, ಈತನಿಗೆ ಕೋಪ ಬಂತು, ಆನೆ ಸತ್ತಿತು ಎಂದು ಇಂಗ್ಲಿಷಿನಲ್ಲಿ ಮೂರು ತುಂಡು ಮಾಡಿ ಮೇಡಂ ಮುಂದಿಟ್ಟ. ಅವನಿಗೆ ಕೆಟ್ಟ ಮನಸ್ಸಿರಲಿಲ್ಲ. ಆದರೆ ಕೇಳಿದವರು ಯಾರಾದರೂ ಅಪ್ಪನೇ ಕೊಂದ ಅನ್ನಬೇಕು, ಹಾಗಿತ್ತು.

ಮೇಡಂ ಅದನ್ನೇ ಬರೆದುಕೊಳ್ಳತೊಡಗಿದರು.

ನಾನು ಎದ್ದು ನಿಂತೆ. ನಾನು ಮಗಳು, ನಾನು ಹೇಳುತ್ತೇನೆ ಎಂದು ಇಂಗ್ಲಿಷಿನಲ್ಲಿ ಅಂದೆ. ಗಾರ್ಡ್ ಹುಬ್ಬೇರಿಸಿದ. ಮೇಡಂ ಪೆನ್ನು ಕೆಳಗಿಟ್ಟು, ಮೊದಲಿನಿಂದ ಹೇಳು, ನಿಧಾನವಾಗಿ ಅಂದರು.

ಬೇಕರಿ ಮಹಡಿಯಲ್ಲಿ ತಪ್ಪಿದರೆ ನಗೆಪಾಟಲು, ಇಲ್ಲಿ ತಪ್ಪಿದರೆ ಅಪ್ಪ ಒಳಗೆ. ಆನೆ ಬಾಳೆಯನ್ನು ಹಿಂದಿನ ವಾರ ತಿಂದಿತ್ತು ಎಂದೆ. ಅಪ್ಪ ಟೀ ಅಂಗಡಿಯಲ್ಲಿ ಕೋಪದ ಮಾತಾಡಿದ್ದ, ಹೌದು, ಆಡಿದ್ದ. ಆಮೇಲೆ ಇಷ್ಟು ದಿನ ಏನೂ ಆಗಿರಲಿಲ್ಲ. ನಿನ್ನೆ ಬೆಳಗ್ಗೆ ನಾನು ಹಲ್ಲುಜ್ಜುತ್ತಿದ್ದೆ, ಅಪ್ಪ ಬಂದ, ಆನೆ ಅಷ್ಟರಲ್ಲಿ ಸತ್ತುಹೋಗಿತ್ತು. ಎರಡು ಕಡೆ ತಪ್ಪಿದೆ. ತಪ್ಪಿದಲ್ಲಿ ನಿಂತು, ಹಿಂದೆ ಹೋಗಿ, ಸರಿ ಮಾಡಿ ಹೇಳಿದೆ. ಮೇಡಂ ಕಾದರು. ನಗಲಿಲ್ಲ.

ತೊಳೆದದ್ದು ಯಾಕೆ ಎಂದು ಕೇಳಿದರು. ಮಡಿಲು ತುಂಬುವುದಕ್ಕೆ ನನ್ನ ಹತ್ತಿರ ಇಂಗ್ಲಿಷ್ ಇರಲಿಲ್ಲ. ಮದುವೆಯಾದ ಮಗಳು ತಾಯಿಯ ಮನೆಯಿಂದ ಹೊರಡುವಾಗ ನಾವು ಬರಿಗೈಯಲ್ಲಿ ಕಳಿಸುವುದಿಲ್ಲ, ಅದು ಹೆಣ್ಣಾನೆಯಾಗಿತ್ತು, ಅವ್ವ ಬಳೆಯನ್ನೂ ಇಟ್ಟಳು, ಬಳೆ ಅದಕ್ಕೆ ಆಗುವುದಿಲ್ಲವೆಂದು ಅವಳಿಗೂ ಗೊತ್ತಿತ್ತು ಎಂದೆ. ಮೇಡಂ ಫೋನಿನಲ್ಲಿದ್ದ ಫೋಟೋ ತೆಗೆದು, ಆನೆಯ ಕಾಲ ಬಳಿಯ ಹಸಿರು ಬಳೆಗಳನ್ನು ದೊಡ್ಡದು ಮಾಡಿ ನೋಡಿದರು. ತಮ್ಮ ಊರಿನಲ್ಲೂ ಇಂಥದ್ದು ಇದೆ ಎಂದು ಮೆಲ್ಲಗೆ ಅಂದರು. ನನ್ನ ಎದೆ ಸ್ವಲ್ಪ ಹಗುರಾಯಿತು. ಅಷ್ಟರಲ್ಲಿ ಅವರು ತಲೆಯೆತ್ತಿ ಮುಂದಿನ ಪ್ರಶ್ನೆ ಹಾಕಿದರು. ಆನೆ ಸಾಯುವುದಕ್ಕೆ ಮುಂಚೆ ನಿಮ್ಮ ತಂದೆ ಬೇಲಿಗೆ ಕರೆಂಟ್ ಕೊಟ್ಟಿದ್ದರಾ?

ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಇಂಗ್ಲಿಷಿನಲ್ಲಿ ಅದಕ್ಕಿಂತ ಸುಲಭದ ಮಾತಿಲ್ಲ. ಆದರೆ ಖಾಲಿ ಗೂಟ ನನ್ನ ಕಣ್ಣ ಮುಂದೆ ಬಂದು ನಿಂತಿತು. ಅಲ್ಲಿಯವರೆಗೆ ಹೇಳಿದ್ದೆಲ್ಲ ನನಗೆ ಗೊತ್ತಿದ್ದದ್ದು, ಇದೊಂದು ಗೊತ್ತಿಲ್ಲದ್ದು. ಇಲ್ಲ ಅಂದು, ನಾಳೆ ಸುಟ್ಟ ಗುರುತು ಸಿಕ್ಕರೆ ಆವರೆಗೆ ಹೇಳಿದ್ದೆಲ್ಲವೂ ಸುಳ್ಳಾಗುತ್ತಿತ್ತು. ನಾನು ಅಪ್ಪನ ಕಡೆ ತಿರುಗಿದೆ.

"ಅಪ್ಪ, ಲೈನ್ ಕೊಟ್ಟಿದ್ಯಾ?"

ಅಪ್ಪ ನನ್ನನ್ನೇ ನೋಡಿದ. ಮೇಡಂ ಇದ್ದರು, ಗಾರ್ಡ್ ಇದ್ದ, ಅವರಿಬ್ಬರೂ ಅವನಿಗೆ ಕಾಣುತ್ತಿರಲಿಲ್ಲ. ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಕೊಡ್ನಿಲ್ಲ ಕಣವ್ವ. ಕೊಡಬೇಕು ಅಂತ್ಲೇ ವೈರ್ ತಕ್ಕಂಡು ಓಗಿದ್ದೆ. ಓದ್ರೆ ಆಗ್ಲೇ ಬಿದ್ಬುಟ್ಟಿತ್ತು. ಕಣ್ಣು ಬುಟ್ಕಂಡು ನನ್ನೇ ನೋಡ್ತಿತ್ತು. ವೈರ್ ಬಿಸಾಕಿ, ಪಂಪಿನ ತಾವಿದ್ದ ಬಿಂದ್ಗೇಲಿ ಕಾಲುವೆಯಿಂದ ನೀರು ತಂದು ಬಾಯಿಗೆ ಬುಟ್ಟೆ. ಎಲ್ಡು ಸಲ ಕುಡೀತು. ಆಮೇಲೆ ಕುಡೀನಿಲ್ಲ."

ಮನೆಯಲ್ಲಿ ಯಾರಿಗೂ ಇದನ್ನು ಹೇಳಿರಲಿಲ್ಲ. ಈ ಸಲ ಅವನ ಮಾತಿನಲ್ಲಿ ಯಾವುದೂ ಕಲಸಿಹೋಗಿರಲಿಲ್ಲ, ಒಂದಾದ ಮೇಲೊಂದು ನಿಂತಿತ್ತು. ಗಾರ್ಡಿನ ಮುಖ ನೋಡಿದೆ. ವೈರ್ ವಿಷಯ ಬಿಟ್ಟು ಹೇಳು ಎಂದು ಅವನ ಕಣ್ಣೇ ಹೇಳುತ್ತಿತ್ತು. ಬಿಟ್ಟರೆ ನೀರು ಕುಡಿಸಿದ್ದಷ್ಟೇ ಉಳಿಯುತ್ತದೆ, ಅಪ್ಪ ದೇವರಾಗುತ್ತಾನೆ. ವೈರ್ ಸಿಕ್ಕ ದಿನ ಕಳ್ಳನಾಗುತ್ತಾನೆ.

'ಹಿ ಹ್ಯಾಡ್ ಟೇಕನ್ ದ ವೈರ್' ಎಂದೆ. ಕೋಪದಲ್ಲಿದ್ದ. ಅವನು ಹೋಗುವಷ್ಟರಲ್ಲಿ ಆನೆ ಬಿದ್ದಿತ್ತು. ಉಸಿರಾಡುತ್ತಿತ್ತು. ಅಪ್ಪ ವೈರ್ ಎಸೆದ, ನೀರು ಕುಡಿಸಿದ, ಅದು ಸತ್ತಿತು. ನನ್ನ ಇಂಗ್ಲಿಷ್ ಅವತ್ತಿನಷ್ಟು ಸರಿಯಾಗಿ ಅದಕ್ಕೂ ಮೊದಲು ಬಂದಿರಲಿಲ್ಲ, ಆಮೇಲೂ ಎಷ್ಟೋ ಸಲ ಬಂದಿಲ್ಲ. ಹೇಳಿ ಮುಗಿಸಿ ಕುರ್ಚಿಯ ಹಿಡಿ ಹಿಡಿದುಕೊಂಡೆ.

ಮೇಡಂ ಎಲ್ಲವನ್ನೂ ಬರೆದುಕೊಂಡರು. ವೈರ್ ಎಲ್ಲಿದೆ ಎಂದು ಕೇಳಿದರು. ಕಾಲುವೆ ಬದಿಯ ಲಾಂಟಾನಾ ಪೊದೆಯಲ್ಲಿ ಎಂದ ಅಪ್ಪ. ಅಲ್ಲಿಗೆ ಜನ ಕಳಿಸಿದರು. ಡಾಕ್ಟರ್ ಹೇಳುವವರೆಗೆ ಅಪ್ಪ ಎಲ್ಲಿಗೂ ಹೋಗುವಂತಿಲ್ಲ ಎಂದರು. ಹೊರಗಿನ ಬೆಂಚಿನ ಮೇಲೆ ನಾವಿಬ್ಬರೂ ಕೂತೆವು. ಮಧ್ಯಾಹ್ನ ಹೋಗಿ ಎರಡು ಇಡ್ಲಿ ಪೊಟ್ಟಣ ತಂದೆ, ಅವನು ಬಿಚ್ಚಲಿಲ್ಲ. ಗಾರ್ಡ್ ಬಂದು, "ವೈರ್ ಸಿಕ್ತು ಯಜಮಾನ್ರೆ, ಸುರುಳಿ ಬಿಚ್ಚೇ ಇಲ್ಲ" ಎಂದು ಹೇಳಿ ಹೋದ. ಅದಕ್ಕೂ ಅಪ್ಪ ತಲೆ ಆಡಿಸಲಿಲ್ಲ. ನಾನಂತೂ ಎಲ್ಲ ದೇವರಿಗೂ ಹರಕೆ ಹೊತ್ತೆ, ಕೆಲವು ದೇವರಿಗೆ ಮರೆತು ಎರಡೆರಡು ಸಲ.

ಹೊತ್ತು ಇಳಿಯುವಾಗ ಮೇಡಂ ತಾವೇ ಹೊರಗೆ ಬಂದರು. ಆನೆಗೆ ಬಹಳ ವಯಸ್ಸಾಗಿತ್ತಂತೆ. ದವಡೆ ಹಲ್ಲು ಪೂರಾ ಸವೆದುಹೋಗಿ ಮೇವು ಅಗಿಯಲಾಗದೆ ಬಹಳ ದಿನದಿಂದ ಸೊರಗಿತ್ತಂತೆ, ಕರುಳೂ ಕೊಳೆತಿತ್ತಂತೆ. ಅರಿಶಿನ ತೆಗೆದು ನೋಡಿದರೆ ಚರ್ಮದ ಮೇಲೆ ಎಲ್ಲೂ ಸುಟ್ಟ ಗುರುತಿಲ್ಲವಂತೆ. ಹೋಗಬಹುದು ಎಂದರು. ನನ್ನ ಕಡೆ ನೋಡಿ, ನೀನು ವೈರ್ ಮಾತನ್ನು ಬಚ್ಚಿಟ್ಟಿದ್ದರೆ ಉಳಿದದ್ದನ್ನು ನಾನು ನಂಬುತ್ತಿರಲಿಲ್ಲ ಎಂದರು. ನನಗೆ ಅಳು ಬಂತು. ಸಂತೋಷವೂ ಆಯಿತು, ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಲಿ. ನನ್ನ ಅಪ್ಪನನ್ನು ನಾನು ಬಿಡಿಸಿಕೊಂಡು ಹೊರಟಿದ್ದೆ.

ವಾಪಸು ಬಸ್ಸಿನಲ್ಲಿ ಅವನು ಕಿಟಕಿಯ ಸೀಟು ನನಗೆ ಬಿಟ್ಟ. ಒಗ್ಗದ ಮರ್ಯಾದೆ ಅನ್ನಿಸಿತು. ತೆರಕಣಾಂಬಿ ದಾಟಿತು, ಗುಂಡ್ಲುಪೇಟೆಯಲ್ಲಿ ಬಸ್ ಬದಲಾಯಿಸಿದೆವು. ಹಂಗಳದಲ್ಲಿ ಇಳಿದು ಮನೆಯ ಕಡೆ ನಡೆಯುವಾಗ, ಹೆಜ್ಜೆ ನಿಲ್ಲಿಸದೆಯೇ ಕೇಳಿದ.

"ಅವ್ರು ಕೇಳುದ್ರು, ಅವ್ರ ಕೆಲ್ಸ. ನೀನ್ಯಾಕವ್ವ ಕೇಳ್ದೆ?"

ಕೇಳದೆ ಇಲ್ಲ ಅಂದಿದ್ದರೆ ಏನಾಗುತ್ತಿತ್ತು ಎಂದು ವಿವರಿಸಲು ಹೊರಟೆ. ಮೇಡಂ ಕೊನೆಗೆ ಹೇಳಿದ ಮಾತನ್ನೂ ಕನ್ನಡ ಮಾಡಿ ಹೇಳಿದೆ. ಅವನು ನಡೆಯುತ್ತಲೇ ಇದ್ದ. ನನಗೆ ರೇಗಿತು. ಇಷ್ಟೆಲ್ಲ ಮಾಡಿದ ಮೇಲೂ ಇವನಿಗೆ ಇನ್ನೇನು ಬೇಕು ಅನ್ನಿಸಿತು. ಇವತ್ತಿಗೂ ನಾನು ಕೇಳಿದ್ದು ತಪ್ಪು ಎಂದು ಒಪ್ಪುವವಳಲ್ಲ.

"ನಂಗೆ ಗೊತ್ತಿರ್ನಿಲ್ಲ ಅಪ್ಪ, ಅದ್ಕೇ ಕೇಳ್ದೆ" ಅಂದೆ.

ಅವನು ನಿಂತ. ನನ್ನ ಮುಖ ನೋಡಿದ. ಕಚೇರಿಯಲ್ಲಿ ನೋಡಿದ್ದನಲ್ಲ, ಹಾಗೇ.

"ನಿಂಗೂ ಗೊತ್ತಿರ್ನಿಲ್ವಾ" ಅಂದ, ತನಗೆ ತಾನೇ ಹೇಳಿಕೊಳ್ಳುವ ಹಾಗೆ. ಹೆಗಲ ಮೇಲಿನ ಟವಲು ಸರಿಮಾಡಿಕೊಂಡು, ನನ್ನನ್ನು ಅಲ್ಲೇ ಬಿಟ್ಟು, ಮನೆಗೆ ಹೋಗದೆ ಹೊಲದ ದಾರಿ ಹಿಡಿದ.